ಮೂರನೆಯ ತಕ್ಕಡಿ

ಗದಗಿನ ಸಣ್ಣ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಸೂಪರ್‌ಮಾರ್ಕೆಟ್‌ನವರು ಅಂಗಡಿಕಾರರ ದನಿಗಳನ್ನೂ ಕೊಂಡು ತಮ್ಮ ತಕ್ಕಡಿಗಳಲ್ಲಿ ಕೂರಿಸಿದ್ದರು. ಮೂರನೆಯ ತಕ್ಕಡಿಯದು ಗುರವ್ವನ ತೀರಿಹೋದ ಗಂಡ ಚೆನ್ನವೀರಪ್ಪನ ದನಿ. ಅದಕ್ಕೇ ಅವಳು ದಿನಾ ಅಲ್ಲಿಗೇ ಬಂದು ಪಾವುಕಿಲೊ ಶೇಂಗಾ ತೂಗಿಸುತ್ತಿದ್ದಳು.

“ಏನ್ ಬೇಕ್ರಿ ಅಕ್ಕಾರ?” ಎಂದಿತು ತಕ್ಕಡಿ. ಹೆಂಡತಿಯೂ ಅದಕ್ಕೆ ಬರೀ ಗಿರಾಕಿ.

ತೂಕ ಮುಗಿದಾಗ ಇವತ್ತು ಅವಳಿಗೆ ತಡೆಯಲಾಗಲಿಲ್ಲ. “ಮ್ಯಾಲೊಂದು ಹಿಡಿ ಕೊಸರು ಹಾಕ್ರಿ” ಎಂದಳು.

“ತೂಕ ಬರೋಬರಿ ಐತ್ರಿ ಅಕ್ಕಾರ.”

ಬದುಕಿದ್ದಾಗ ಸಣ್ಣ ಕೂಸು ಬಂದರೂ ಕೊಸರು ಹಾಕದೆ ಕಳಿಸಿದವನಲ್ಲ ಅವನು. ಗುರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ತನ್ನ ಪೊಟ್ಟಣ ಬಿಚ್ಚಿದಳು. ಹಿಂದೆ ನಿಂತಿದ್ದ ಹೆಂಗಸಿನ ಚೀಲಕ್ಕೆ ಒಂದು ಹಿಡಿ ಶೇಂಗಾ ಸುರಿದು, ಮೆಲ್ಲಗೆ ಹೇಳಿದಳು:

“ತಗೋಳವ್ವಾ. ನಮ್ಮನಿಯವ್ರು ಮರ್ತಾರ.”