ಲೋಯ್ಜೆ ಮಾವನ ಮಣ್ಣು

"ಕೋಟಿನೊಳಗೆ ಏನಿದೆ?" ಎಂದ ಗೇಟಿನ ಪೊಲೀಸ.

ಮಿಲೋಯ್ಕಾ ತಲೆ ಎತ್ತಲಿಲ್ಲ. ಜುಲೈ ಬಿಸಿಲು ನೆತ್ತಿ ಸುಡುತ್ತಿತ್ತು. ಕರಿ ಉಣ್ಣೆಯ ಕೋಟಿಗೆ ಅವಳು ಕೊರಳವರೆಗೂ ಗುಂಡಿ ಹಾಕಿದ್ದಳು.

"ದುಃಖ ಇದೆಯಪ್ಪ," ಎಂದಳು ಜೊತೆಗಿದ್ದ ಅವಳ ಅಜ್ಜಿ ಉರ್ಶಾ.

ಯುದ್ಧ ಮುಗಿದ ಮೇಲೆ ಗಡಿಗೆರೆ ಎಳೆದವರು ಊರಿನ ಗಿರಣಿಯನ್ನು ಯುಗೊಸ್ಲಾವಿಯಾಕ್ಕೆ ಬಿಟ್ಟು, ಚರ್ಚನ್ನು ಇಟಲಿಗೆ ಕೊಟ್ಟಿದ್ದರು. ಎರಡೂ ಕಡೆ ಮಾತು ಒಂದೇ, ನೆಂಟರೂ ಅವರೇ. ಆದರೆ ಬೇಲಿ ದಾಟಲು ಚೀಟಿ ಬೇಕು. ಹತ್ತಿರದವರು ಸತ್ತರಷ್ಟೇ ಚೀಟಿ. ಹೀಗಾಗಿ ಈ ಊರಲ್ಲಿ ಸಾವಿಗೆ ಹೋಗುವುದನ್ನು ಯಾರೂ ತಪ್ಪಿಸುತ್ತಿರಲಿಲ್ಲ.

ಪೊಲೀಸ ದೂರದ ದಕ್ಷಿಣದವನು, ಹೊಸಬ. ಟೆಲಿಗ್ರಾಂ ಇನ್ನೊಮ್ಮೆ ಓದಿದ. ಲೋಯ್ಜೆ ಮಾವ ತೀರಿಕೊಂಡ, ಹನ್ನೊಂದಕ್ಕೆ ಚರ್ಚಿಗೆ ಬನ್ನಿ. ಈಸ್ಟರ್ ಹೊತ್ತಿಗೂ ಒಬ್ಬ ಮಾವ ಸತ್ತಿದ್ದನಲ್ಲ ಎಂದು ಗೇಟಿನ ದಾಖಲೆ ಪುಸ್ತಕ ನೋಡಿ ಕೇಳಿದ. ಅವನು ದೊಡ್ಡವನು, ಇವನು ಚಿಕ್ಕವನು ಎಂದಳು ಅಜ್ಜಿ. ಬುಟ್ಟಿಯ ಬಟ್ಟೆ ಸರಿಸಿದರೆ ಅಕ್ರೋಟು ತುಂಬಿದ ಸಿಹಿ ರೊಟ್ಟಿ, ಮೂರು. ಸಾವಿನ ಮನೆಗೆ ಇಷ್ಟೊಂದು ಸಿಹಿಯೇ ಎಂದ. ಅಳುವವರಿಗೂ ಹೊಟ್ಟೆ ಇರುತ್ತದೆ ಎಂದಳು.

ಹೋದ ವಾರವಷ್ಟೇ ಒಬ್ಬಾಕೆ ಇಂಥದೇ ಕೋಟಿನೊಳಗೆ ಬೆಣ್ಣೆ ಕಟ್ಟಿಕೊಂಡು ಬಂದಿದ್ದಳು. ಅದು ಬಿಸಿಲಿಗೆ ಕರಗಿ, ಮೊಣಕಾಲಿನಿಂದ ತೊಟ್ಟಿಕ್ಕಿದ್ದರಿಂದ ಸಿಕ್ಕಿಬಿದ್ದಳು. ಪೊಲೀಸ ಈಗ ಮಿಲೋಯ್ಕಾಳ ಮೊಣಕಾಲನ್ನೇ ನೋಡುತ್ತಿದ್ದ.

ಹತ್ತೂ ಮುಕ್ಕಾಲು. ಹಿಂದಕ್ಕೆ ಕಳಿಸಿದರೆ ಎಲ್ಲ ಮುಗಿಯಿತು. ಅಲ್ಲಿ ಪಾದ್ರಿ ಕಾಯುತ್ತಿದ್ದಾರೆ, ಅವಳು ಹೋಗದೆ ಶುರು ಮಾಡುವಂತಿಲ್ಲ. ಮಿಲೋಯ್ಕಾಳ ಕಣ್ಣಲ್ಲಿ ನಿಜವಾದ ನೀರೇ ಬಂತು.

"ಗುಂಡಿ ಬಿಚ್ಚು," ಎಂದ.

"ಬಿಚ್ಚಮ್ಮಾ," ಎಂದಳು ಅಜ್ಜಿ ತಣ್ಣಗೆ. ಆಮೇಲೆ ಪೊಲೀಸನತ್ತ ತಿರುಗಿದಳು. "ಅಪ್ಪ ಇಲ್ಲದ ಹುಡುಗಿ. ಮಾವನ ಮಣ್ಣಿಗೆ ಹೊರಟವಳ ಬಟ್ಟೆ ನಡುಬೀದೀಲಿ ಬಿಚ್ಚಿಸಿದ ನಿಮ್ಮ ಮಗ ಅಂತ ನಿನ್ನ ತಾಯಿಗೆ ನಾನೇ ಕಾಗದ ಬರೀತೀನಿ. ಯಾವ ಊರಪ್ಪ ನಿಂದು?"

ಪೊಲೀಸನ ಕಿವಿ ಕೆಂಪಾಯಿತು. ಗೇಟು ಎತ್ತಿದ. "ಮೂರು ಗಂಟೆಗೆ ಇಬ್ಬರೂ ವಾಪಸ್ ಬರಬೇಕು."

"ನಾನಂತೂ ಬರ್ತೀನಿ," ಎಂದಳು ಅಜ್ಜಿ.

ಗಂಟೆ ಹೊಡೆಯುವಷ್ಟರಲ್ಲಿ ಇಬ್ಬರೂ ಚರ್ಚಿನ ಹಿಂಬಾಗಿಲು ಸೇರಿದರು. ಮಿಲೋಯ್ಕಾ ಗುಂಡಿಗಳನ್ನು ಬಿಚ್ಚಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಬಿಳಿ ಲಂಗ ಪಾದದವರೆಗೆ ಇಳಿಯಿತು.

ಲೋಯ್ಜೆ ಮಾವ ಟೋಪಿ ತೆಗೆದು ತೋಳು ಚಾಚಿದ. "ಬೇಗ ಬಾರೇ, ಹುಡುಗ ಒಳಗೆ ಬೆವರ್ತಿದಾನೆ. ಮೂರರೊಳಗೆ ನಿನ್ನ ಮದುವೆ, ನನ್ನ ಮಣ್ಣು, ಎರಡೂ ಮುಗೀಬೇಕು."