ಮೂರು ತಾಸಿನ ಓದು

"ಇವತ್ತು ಐದರೊಳಗ ಒಂದು ಒತ್ತಬೇಕು ಯಪ್ಪಾ," ಎಂದಳು ಭಾಗ್ಯಜ್ಯೋತಿ, ಪೋತ್ನಾಳದ ಅಕ್ಕಿ ಗಿರಣಿಯ ಸದ್ದು ನಿಂತ ಕೂಡಲೇ. ಎಂ.ಟೆಕ್‌ನಲ್ಲಿ ಮೆಟೀರಿಯಲ್ಸ್ ಓದುವವಳು. ಮುಂದಿನ ವರ್ಷಕ್ಕೆ ಯಾವ ವಿಭಾಗ ಎಂದು ಮೊಬೈಲಿನಲ್ಲಿ ಕಾಲೇಜಿನ ಅರ್ಜಿ ಕೇಳುತ್ತಿತ್ತು. ಅವಳ ಮನಸ್ಸಿನಲ್ಲಿ ಎರಡು ಉಳಿದಿದ್ದವು: ಚಿಪ್ ತಯಾರಿಸುವ ಸೆಮಿಕಂಡಕ್ಟರ್, ಇಲ್ಲವೇ ವಸ್ತುಗಳ ಸವೆತ.

ಅವಳಪ್ಪ ಗದ್ದೆಪ್ಪ ಭತ್ತ ಸುಲಿಯುವ ಯಂತ್ರದ ಬಾಗಿಲು ಬಿಚ್ಚುತ್ತಿದ್ದ. ಹುಬ್ಬು, ಮೀಸೆಯೆಲ್ಲ ತೌಡು. "ಚಿಪ್ ಒತ್ತವ್ವಾ. ಬಿಳೀ ಕೋಟು, ಎಸಿ ಕೋಣಿ. ಸವೆಯಾಕ ನಮ್ಮ ಮನ್ಯಾಗ ನಾನೊಬ್ಬನ ಸಾಕು."

ಬಾಗಿಲ ಬಳಿ ಚೀಲದ ಮೇಲೆ ಕುಳಿತಿದ್ದ ಸಲಾವುದ್ದೀನ್ ನಕ್ಕ. ಗದ್ದೆಪ್ಪನಿಗೆ ಕೆಲಸ ಕಲಿಸಿದ ಮುದಿ ಮಿಸ್ತ್ರಿ. ಕಣ್ಣು ಮಂಜಾಗಿ ನಾಲ್ಕು ವರ್ಷವಾದರೂ ಚಹಾದ ಹೊತ್ತಿಗೆ ಗಿರಣಿಗೆ ಬರುವುದು ಬಿಟ್ಟಿರಲಿಲ್ಲ. "ಓದಾಕಿ ಆಕಿ. ನೀ ಯಾಕ ಬೆವರಾಕತ್ತೀಯಲೇ?"

ಗದ್ದೆಪ್ಪ ಒಳಗಿನ ಸವೆದ ರಬ್ಬರ್ ರೋಲಿನ ಮೇಲೆ ಹೆಬ್ಬೆರಳು ಆಡಿಸಿದ. "ಇನ್ನಾ ಎರಡು ದಿನ ಬರ್ತದ ಉಸ್ತಾದ್."

"ತಡಿ ಯಪ್ಪಾ." ಭಾಗ್ಯಜ್ಯೋತಿ ತನ್ನ ಚೀಲದಿಂದ ವರ್ನಿಯರ್ ತೆಗೆದು ಐದು ಕಡೆ ರಬ್ಬರಿನ ದಪ್ಪ ಅಳೆದಳು. ರೋಲು ಹಾಕಿದ ತಾರೀಖು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿತ್ತು. ನೋಡಿ, ಮೊಬೈಲಿನಲ್ಲಿ ಗುಣಿಸಿದಳು. "ಎರಡು ದಿನ, ಮೂರು ತಾಸು."

"ಐದು ವರ್ಷ ಓದಿ ಮೂರು ತಾಸು ಗಳಿಸಿದಿ ನೋಡು!" ಎಂದ ಸಲಾವುದ್ದೀನ್.

ಮೂವರೂ ನಕ್ಕರು. ನಗುತ್ತಲೇ ಅವಳು 'ಸವೆತ' ಒತ್ತಿಬಿಟ್ಟಳು. ಗದ್ದೆಪ್ಪನ ನಗು ಅಲ್ಲೇ ನಿಂತಿತು. "ಮತ್ತ ಇದೇ ಧೂಳಿಗೆ ಬರ್ತೀಯೇನಬೇ?"

"ಲ್ಯಾಬಿನ್ಯಾಗ ಮೊದಲನೇ ದಿನ ಸವೆದ ತುಂಡು ಕೊಟ್ಟಿದ್ರು ಯಪ್ಪಾ. ಎಲ್ಲಾರೂ ಮಿಷಿನ್ ಹುಡುಕಿದ್ರು. ನಾ ಕಣ್ಣು ಮುಚ್ಚಿ ಬೆರಳಾಡಿಸಿ, ಯಾವ ಕಡಿ ಜಾಸ್ತಿ ಸವದದ ಅಂತ ಹೇಳಿಬಿಟ್ಟೆ. ಯಾರ ಕೈಯಾಗ ಕಲತಿ ಅಂದ್ರು ಸರ್." ಅವಳು ವರ್ನಿಯರ್ ಒರೆಸಿ ಒಳಗಿಟ್ಟಳು. "ನಿಮ್ಮಿಬ್ಬರ ಹೆಸರು ಹೇಳೀನಿ."

ಗದ್ದೆಪ್ಪ ರೋಲು ಬಿಚ್ಚಿದ, ಹೆಗಲ ಟವೆಲ್ಲಿನಿಂದ ಒರೆಸಿದ, ಎರಡೂ ಕೈಯಿಂದ ಎತ್ತಿ ಉಸ್ತಾದನ ತೊಡೆಯ ಮೇಲಿಟ್ಟ.

ಮುದುಕನ ಹೆಬ್ಬೆರಳು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಯಿತು.

"ಎರಡು ದಿನ," ಎಂದ. ಆಮೇಲೆ ಅವಳಿದ್ದ ದಿಕ್ಕಿಗೆ ಮುಖ ತಿರುಗಿಸಿದ. "ಮ್ಯಾಲಿನ ಮೂರು ತಾಸು ನನಗೂ ಕಲಿಸು ಬೇಟೀ."