ಕನಿಷ್ಠ ಮುನ್ನೂರು ಪಾಯಿಂಟು

“ಸದ್ಯಕ್ಕೆ ಒಂದೈವತ್ತು ಪಾಯಿಂಟು ಕೊಡಿ. ಹೊಂದಿಕೆ ಆದ್ರೆ ಮುಂದೆ ನೋಡೋಣ” ಎಂದರು ಬದರಿನಾಥ.

ಕತ್ತಿಗೆ ಟೈ ಬಿಗಿದುಕೊಂಡಿದ್ದ ಹಾಲಿಡೇ ಕ್ಲಬ್ಬಿನ ಕೃಷ್ಣರಾಜ ನಕ್ಕ. “ಇದು ಕೊತ್ತಂಬರಿ ಸೊಪ್ಪಲ್ಲ ಸಾರ್. ಕ್ಲಬ್ಬಿನ ಮೆಂಬರಾಗ್ಬೇಕಾದ್ರೆ ಕನಿಷ್ಠ ಮುನ್ನೂರು ಪಾಯಿಂಟು ತಗೊಳ್ಳೇಬೇಕು. ಅಷ್ಟು ತಗೊಂಡ್ರೆ ವರ್ಷಕ್ಕೊಂದು ವಾರ ನಮ್ಮ ಯಾವ ರೆಸಾರ್ಟಲ್ಲಿ ಬೇಕಾದ್ರೂ ಇರಬಹುದು. ಊಟಿ, ಮುನ್ನಾರ್, ಗೋವಾ...”

“ಮೇ ತಿಂಗಳಲ್ಲಿ ಊಟಿಗೆ?”

“ಮೇಗೆ ಐನೂರಾಗತ್ತೆ ಸಾರ್. ಮುನ್ನೂರಕ್ಕೆ ಜುಲೈ, ಆಗಸ್ಟ್.”

“ಅಂದ್ರೆ ಊಟಿಗೆ ಹೋಗಿ ರೂಮಲ್ಲಿ ಕೂತು ಮಳೆ ನೋಡ್ಬೇಕು” ಎಂದು ಬದರಿನಾಥ ಹೆಂಡತಿಯ ಕಡೆ ತಿರುಗಿದರು. ಇಂಥ ಮಾತಿಗೆ ಆಕೆ ನಗಬೇಕಿತ್ತು. ನಗಲಿಲ್ಲ.

ಅಣ್ಣಾ ನಗರದ ಆ ಹೊಟೇಲಿಗೆ ಅವರು ಬಂದಿದ್ದು ಸೂಟ್‌ಕೇಸಿಗಾಗಿ. ಗಂಡ ಹೆಂಡತಿ ಜೋಡಿಯಾಗಿ ಬಂದು ಹಾಲಿಡೇ ಕ್ಲಬ್ಬಿನವರ ಮಾತು ಕೇಳಿದರೆ ಸಾಕು, ಕೊಂಡರೂ ಬಿಟ್ಟರೂ ಒಂದು ಸೂಟ್‌ಕೇಸು ಉಚಿತ ಎಂದು ಫೋನಿನಲ್ಲಿ ಹೇಳಿದ್ದರು. ಆಡಿಟ್ ಆಫೀಸಿನಿಂದ ರಿಟೈರಾಗಿದ್ದ ಬದರಿನಾಥ ವೆಸ್ಟ್ ಮಾಂಬಲಂನಿಂದ ಬರುವಾಗ ಬಸ್ಸಿನಲ್ಲೇ ಪಾಠ ಹೇಳಿಕೊಟ್ಟಿದ್ದರು: “ಏನ್ ಹೇಳಿದ್ರೂ ‘ಮಗನ್ನ ಕೇಳಿ ಹೇಳ್ತೀವಿ’ ಅಂದ್ಬಿಡು. ಸೂಟ್‌ಕೇಸ್ ಇಸ್ಕೊಂಡು ಎದ್ದು ಬಂದ್ಬಿಡೋಣ.”

ಆದರೆ ಅಮ್ಮಣ್ಣಿ, ಕೃಷ್ಣರಾಜ ಮುಂದೆ ಬಿಚ್ಚಿಟ್ಟಿದ್ದ ರೆಸಾರ್ಟುಗಳ ಆಲ್ಬಮ್ಮಿನ ಒಂದು ಫೋಟೋದಲ್ಲಿ ಸಿಕ್ಕಿಕೊಂಡಿದ್ದರು. ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತ ಹೆಂಗಸು ಬೆಟ್ಟ ನೋಡುತ್ತಿದ್ದಳು. ಬೇರೇನೂ ಮಾಡುತ್ತಿರಲಿಲ್ಲ. ಮದುವೆಯಾದಾಗಿನಿಂದ ಅಮ್ಮಣ್ಣಿಯೂ ಬೇಕಾದಷ್ಟು ಊರು ನೋಡಿದ್ದರು. ಮುಂಜಿ, ಮದುವೆ, ಸೀಮಂತ, ಆರಾಧನೆ. ಎಲ್ಲಿ ಹೋಗಿ ಇಳಿದರೂ ಬಾಗಿಲಲ್ಲೇ ಅದೇ ಸ್ವಾಗತ: “ಬಂದ್ಯಾ ಅಮ್ಮಣ್ಣಿ! ಸಾರಿಗೆ ನೀನೇ ಕೈ ಹಾಕ್ಬಿಡು. ನಿನ್ನ ಕೈರುಚಿ ಯಾರಿಗೂ ಬರಲ್ಲ.”

“ತಗೊಳೋಣ ರೀ” ಎಂದರು ಅಮ್ಮಣ್ಣಿ.

ಬದರಿನಾಥ ಬೆಚ್ಚಿದರು. “ಮಗನ್ನ ಕೇಳಿ...”

“ಅವನನ್ನ ಏನು ಕೇಳೋದು? ಹೋಗೋರು ನಾವು.”

ಬದರಿನಾಥರಿಗೆ ಉಳಿದಿದ್ದು ಕೊನೆಯ ಅಸ್ತ್ರ. ಕೃಷ್ಣರಾಜನಿಗೇ ಹೇಳಿದರು: “ನೋಡಪ್ಪಾ, ನಾನು ಹೊರಗಡೆ ಊಟ ಮಾಡೋನಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ದೆ ಅಲ್ಲಿ ಯಾರು ಮಾಡಿಕೊಡ್ತಾರೆ?”

ಕೃಷ್ಣರಾಜ ಈ ಪ್ರಶ್ನೆಗೇ ಕಾದಿದ್ದವನಂತೆ ಪುಟ ತಿರುಗಿಸಿದ. “ಅದೇ ಸಾರ್ ನಮ್ಮ ಸ್ಪೆಷಾಲಿಟಿ! ಒಂದೊಂದು ಫ್ಲ್ಯಾಟಿಗೂ ಒಂದು ಅಡುಗೆಮನೆ. ಗ್ಯಾಸು, ಫ್ರಿಜ್ಜು, ಕುಕ್ಕರು, ಮಿಕ್ಸಿ ಎಲ್ಲಾ ಇರತ್ತೆ. ಅಮ್ಮ ಮಡಿಯಲ್ಲೇ ಅಡುಗೆ ಮಾಡಬಹುದು.”

ಬದರಿನಾಥ ಆಲ್ಬಮ್ಮನ್ನು ತಮ್ಮ ಕಡೆ ಎಳೆದುಕೊಂಡರು. “ಒಲೆ ಎಷ್ಟು ಬರ್ನರಿಂದು?”

“ಎರಡು ಸಾರ್.”

“ನೋಡೇ, ಎರಡು! ಒಂದರ ಮೇಲೆ ಅನ್ನ, ಒಂದರ ಮೇಲೆ ಹುಳಿ. ಇದನ್ನ ಮೊದಲೇ ಹೇಳೋದಲ್ವೇನಪ್ಪಾ?” ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿಯೇಬಿಟ್ಟರು. “ಎಲ್ಲಿ ಸೈನ್ ಮಾಡ್ಬೇಕು?”

“ಇರಿ” ಎಂದರು ಅಮ್ಮಣ್ಣಿ. “ಅಡುಗೆಮನೆ ಇಲ್ಲದ ರೂಮಿಗೆ ಎಷ್ಟು ಪಾಯಿಂಟು?”

“ಅಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲಮ್ಮಾ” ಎಂದ ಕೃಷ್ಣರಾಜ ಹೆಮ್ಮೆಯಿಂದ. “ಕನಿಷ್ಠ ಅಂದ್ರೂ ಅಡುಗೆಮನೆ ಇದ್ದೇ ಇರತ್ತೆ.”

ಅಮ್ಮಣ್ಣಿ ಆಲ್ಬಮ್ಮು ಮುಚ್ಚಿ ಎದ್ದರು. “ಮಗನ್ನ ಕೇಳಿ ಹೇಳ್ತೀವಿ.”

ಸೂಟ್‌ಕೇಸು ಹಿಡಿದು ಮೆಟ್ಟಿಲಿಳಿಯುವಾಗಲೂ ಬದರಿನಾಥರ ಗೊಣಗಾಟ ನಿಲ್ಲಲಿಲ್ಲ. “ಎರಡು ಬರ್ನರ್ ಕಣೇ! ಫ್ರಿಜ್ಜು ಬೇರೆ!” ಹಿಂದೆ ತಿರುಗಿದರೆ ಹೆಂಡತಿ ಇಲ್ಲ. ಆಕೆ ರಿಸೆಪ್ಷನ್ ಕೌಂಟರಿನ ಮುಂದೆ ನಿಂತು ತಮಿಳಿನಲ್ಲಿ ವಿಚಾರಿಸುತ್ತಿದ್ದರು.

“ನಿಮ್ಮ ರೂಮಲ್ಲಿ ಅಡುಗೆಮನೆ ಇದೆಯಾ?”

“ಸಾರಿ ಮೇಡಂ, ಇಲ್ಲ” ಎಂದಳು ಹುಡುಗಿ ಸಂಕೋಚದಿಂದ. “ಏನು ಬೇಕಾದ್ರೂ ಫೋನ್ ಮಾಡಿದ್ರೆ ರೂಮಿಗೇ ತಂದುಕೊಡ್ತಾರೆ.”

“ಕನಿಷ್ಠ ಎಷ್ಟು ದಿನಕ್ಕೆ ತಗೋಬೇಕು?”

“ಒಂದು ದಿನಕ್ಕೂ ಕೊಡ್ತೀವಿ ಮೇಡಂ.”

“ಕೊಡಿ.” ಅಮ್ಮಣ್ಣಿ ಬ್ಯಾಗು ತೆಗೆದರು. ತಮ್ಮ ಬೀದಿಯ ಮನೆಗಳ ಮಕ್ಕಳಿಗೆ ಹಿಂದಿ ಟ್ಯೂಶನ್ ಹೇಳಿ ಗಳಿಸಿದ ದುಡ್ಡು ಅದರಲ್ಲಿತ್ತು.

“ತಲೆ ಕೆಟ್ಟಿದೆಯೇನೇ? ಮನೆ ಇಲ್ಲೇ ಇದೆ, ಬಸ್ಸು ಹತ್ತಿದ್ರೆ ಸಾಕು!”

“ಬಸ್ಸು ಹತ್ತೋರು ಹತ್ತಬಹುದು. ನಾನು ರೂಮಿಗೆ ಹೋಗ್ತೀನಿ.”

ಬದರಿನಾಥ ಗಾಜಿನ ಬಾಗಿಲಾಚೆ ಬಸ್‌ಸ್ಟಾಪಿನ ಕಡೆ ನೋಡಿದರು. ಮನೆಗೆ ಹೋದರೆ ಅನ್ನಕ್ಕಿಡುವವರು ಯಾರು ಎಂದು ಯೋಚಿಸಿದರು. ಅಷ್ಟರಲ್ಲಿ ಹೊಟೇಲಿನವನೊಬ್ಬ ಬಂದು ಅವರ ಕೈಯಿಂದ ಸೂಟ್‌ಕೇಸು ಇಸಿದುಕೊಂಡ. ಅದರ ಹಗುರಕ್ಕೆ ತಬ್ಬಿಬ್ಬಾದರೂ ತೋರಿಸಿಕೊಳ್ಳದೆ, ಬಲು ಭಾರದ್ದೇನೋ ಎಂಬಂತೆ ಹೊತ್ತುಕೊಂಡು ಲಿಫ್ಟಿನತ್ತ ನಡೆದ. ಬದರಿನಾಥ ಅವನ ಹಿಂದೆ ಹೋದರು.

ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಮೊದಲು ಸಾರಿದರು. ಮೊಸರನ್ನ ಬಂದಾಗ ಮೂಸಿ ನೋಡಿದರು. ಉಪ್ಪು ಜಾಸ್ತಿ ಎಂದು ದೂರುತ್ತಲೇ ಬಟ್ಟಲು ಖಾಲಿ ಮಾಡಿ, ಟಿವಿಯ ರಿಮೋಟು ಹಿಡಿದು ಮಂಚ ಹತ್ತಿದರು.

ಸಂಜೆ ಅಮ್ಮಣ್ಣಿ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಮಂಚದ ಮೇಲೆ ಕಾಲು ಚಾಚಿ ಕೂತರು. ಬೆಟ್ಟವಿರಲಿಲ್ಲ. ಎದುರಿನ ಕಟ್ಟಡದ ನೀರಿನ ಟ್ಯಾಂಕು ಇತ್ತು. ಅದನ್ನೇ ಹೊಟ್ಟೆ ತುಂಬ ನೋಡಿದರು. ಆಮೇಲೆ ಮನೆಗೆ ಫೋನ್ ಮಾಡಿದರು.

“ಎಂಗಮ್ಮಾ ಇರ್ಕೆ?” ಎಲ್ಲಿದೀಯಮ್ಮಾ ಎಂದು ತಮಿಳಿನಲ್ಲೇ ಕೇಳಿದ ಮಗ ಅನಿಕೇತ್. ಮೊನ್ನೆ ಮೊನ್ನೆ ಬ್ಯಾಂಕಿನಲ್ಲಿ ಆಫೀಸರಾಗಿ ಪ್ರಮೋಷನ್ ಬಂದಿತ್ತು ಅವನಿಗೆ.

“ರಜಾದಲ್ಲಿದೀನಿ ಕಣೋ. ನಾಳೆ ಬರ್ತೀನಿ.”

“ರಜಾನಾ! ಮತ್ತೆ ನನ್ನ ಊಟ?”

“ಅಡುಗೆಮನೆ ಗೊತ್ತಲ್ವಾ ನಿಂಗೆ?” ಎಂದರು ಅಮ್ಮಣ್ಣಿ. “ಹಾಲ್ ದಾಟಿದ ಕೂಡ್ಲೆ ಬಲಗಡೆ ಸಿಗತ್ತೆ.”